ಸ್ಟೀಲ್ ಲೋಟದಲ್ಲಿ ಸ್ಕಾಚ್: ನಾಲಗೆಯ ಪರೀಕ್ಷೆಯನ್ನು ಮನೆಯಲ್ಲೇ ಮಾಡುವ ಬಗೆ

ಕಳೆದ ವರ್ಷ ಮೇ ತಿಂಗಳಲ್ಲಿ ಭಾವ ದುಬೈಯಿಂದ ರಜೆಗೆ ಬಂದರು. ಬಜ್ಪೆಯ ವಿಮಾನ ನಿಲ್ದಾಣದಿಂದ ಬಿಜೈಯ ನಮ್ಮ ಮನೆಗೆ ತಲುಪಿ ಕೈಕಾಲು ತೊಳೆಯುವ ಮೊದಲೇ ಡ್ಯೂಟಿ ಫ್ರೀ ಚೀಲ ಹರಿದು ಎರಡು ಬಾಟಲಿಗಳನ್ನು ಮೇಜಿನ ಮೇಲೆ ನಿಲ್ಲಿಸಿದರು. ಒಂದು 12 ವರ್ಷದ ಸ್ಕಾಚ್, ಇನ್ನೊಂದು 18 ವರ್ಷದ್ದು. ಅದೇ ಮೇಜಿನ ಮೂಲೆಯಲ್ಲಿ ನಾನು ಹಂಪನಕಟ್ಟೆಯಿಂದ ತಂದಿಟ್ಟಿದ್ದ ನಮ್ಮ ದೇಶದ ವಿಸ್ಕಿಯೂ ಇತ್ತು. ಭಾವ ಅದನ್ನು ಸತ್ತ ಹಲ್ಲಿಯನ್ನು ಎತ್ತಿದಂತೆ ಎರಡೇ ಬೆರಳಿನಲ್ಲಿ ಎತ್ತಿ ಪಕ್ಕಕ್ಕಿಟ್ಟರು.

"ಇದನ್ನು ಇನ್ನೂ ಕುಡಿಯುತ್ತೀಯಾ ಮಾರಾಯ? ಕಣ್ಣು ಕಟ್ಟಿ ಕೊಟ್ಟರೂ ಯಾವುದು ಯಾವುದೆಂದು ನಾನು ಹೇಳುತ್ತೇನೆ."

ಅಡುಗೆಮನೆಯಿಂದ ಅಕ್ಕನ ಧ್ವನಿ ಬಂತು: "ಕಟ್ಟಿಯೇ ಕೊಡುವ. ಆಗಬಹುದಾ?"

ಆ ರಾತ್ರಿ ಮಾಡಿದ ಪರೀಕ್ಷೆ ಪೂರ್ತಿ ಹಾಳಾಯಿತು. ಒಂದು ವಾರ ಬಿಟ್ಟು ಸರಿಯಾಗಿ ಮಾಡಿದೆವು. ಈ ಎರಡು ಪ್ರಯತ್ನಗಳ ನಡುವೆ ನಾವು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಒಬ್ಬರು ಭಾವ ಇರುತ್ತಾರೆ, ಅಥವಾ ಆ ಭಾವ ನೀವೇ ಇರಬಹುದು.

ಮೊದಲೇ ಹೇಳಿಬಿಡುತ್ತೇನೆ. ಇದು 21 ತುಂಬಿದವರ, ಈಗಾಗಲೇ ಕುಡಿಯುವ ಅಭ್ಯಾಸವಿರುವವರ ಆಟ. ಗರ್ಭಿಣಿಯರು, ಔಷಧ ತೆಗೆದುಕೊಳ್ಳುತ್ತಿರುವವರು, ಕಷ್ಟಪಟ್ಟು ಕುಡಿತ ಬಿಟ್ಟವರು ಸುರಿಯುವ ಕೆಲಸಕ್ಕೂ ಬೇಡ. ಮುಗಿದ ಮೇಲೆ ಸ್ಕೂಟರಿನ ಕೀಲಿ ಮುಟ್ಟಬೇಡಿ. 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿ ಗ್ರಾಂ ಆಲ್ಕೋಹಾಲ್ ದಾಟಿದರೆ ಕಾನೂನಿನ ಪ್ರಕಾರ ಅದು ಅಪರಾಧ, ಆ ಗಡಿ ನೀವು ಅಂದುಕೊಂಡಷ್ಟು ದೂರದಲ್ಲಿಲ್ಲ.

ಪ್ರಶ್ನೆಯನ್ನು ಮೂರು ತುಂಡು ಮಾಡಿ

"ಒಳ್ಳೆಯ ಮಾಲು ನಾಲಗೆಗೆ ಗೊತ್ತಾಗುತ್ತದೆ" ಎಂಬ ಮಾತಿನೊಳಗೆ ಮೂರು ಮಾತುಗಳು ಅಡಗಿವೆ. ಇವೆರಡೂ ಬೇರೆ ಬೇರೆ ಎಂದು ಗೊತ್ತಾಗುತ್ತದೆಯೇ? ಗೊತ್ತಾದರೆ, ಯಾವುದು ಹೆಚ್ಚು ಹಿಡಿಸುತ್ತದೆ? ಹಿಡಿಸಿದ್ದೇ ದುಬಾರಿಯದ್ದೂ ಆಗಿರುತ್ತದೆಯೇ? ಭಾವ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರು. ಆದರೆ ಮೊದಲನೆಯದರಲ್ಲಿ ಗೆದ್ದವರು ಮೂರನೆಯದರಲ್ಲಿ ಬೀಳುವುದು ಸಾಮಾನ್ಯ. ವೈನ್ ಬಗ್ಗೆ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಲೇಬಲ್ ಮುಚ್ಚಿ ಮಾಡಿದ 6,000ಕ್ಕೂ ಹೆಚ್ಚು ರುಚಿ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದರು. ತರಬೇತಿಯಿಲ್ಲದ ಸಾಮಾನ್ಯ ಜನ ದುಬಾರಿ ವೈನಿಗೆ ಅಗ್ಗದ್ದಕ್ಕಿಂತ ತುಸು ಕಡಿಮೆಯೇ ಅಂಕ ಕೊಟ್ಟಿದ್ದರು. ಅಂದರೆ ನಾಲಗೆಗೆ ಏನೂ ತಿಳಿಯುವುದಿಲ್ಲ ಎಂದಲ್ಲ, ನಾಲಗೆಗೆ ಬೆಲೆಪಟ್ಟಿ ಓದಲು ಬರುವುದಿಲ್ಲ ಎಂದಷ್ಟೇ.

ಹೀಗಾಗಿ ಪರೀಕ್ಷೆಯನ್ನೂ ಇದೇ ಕ್ರಮದಲ್ಲಿ ಮಾಡಬೇಕು. ಮೊದಲು ವ್ಯತ್ಯಾಸ, ಆಮೇಲೆ ಇಷ್ಟ, ಕೊನೆಗೆ ಬೆಲೆ. ಮೊದಲನೆಯದರಲ್ಲೇ ಸೋತರೆ ಉಳಿದ ಎರಡರ ಚರ್ಚೆಗೆ ಅರ್ಥವಿಲ್ಲ.

ಜೋಡಿಯನ್ನು ಆರಿಸುವುದು

ಒಂದು ಸಂಜೆಗೆ ಒಂದೇ ಜೋಡಿ ಸಾಕು. ಐದಾರು ಬಾಟಲಿ ಸಾಲಾಗಿಟ್ಟು "ಯಾವುದು ಯಾವುದು ಹೇಳು" ಎನ್ನುವುದು ಜಾತ್ರೆಯ ಆಟ. ಮೂರನೆಯ ಗುಟುಕಿನ ಹೊತ್ತಿಗೆ ಮೂಗು ಮಂಕಾಗಿರುತ್ತದೆ, ಐದನೆಯದರ ಹೊತ್ತಿಗೆ ತಲೆ.

ಯಾವ ಜೋಡಿ? ಇಲ್ಲಿ ತುಸು ಒಳಗಿನ ವಿಷಯ ತಿಳಿದಿದ್ದರೆ ಒಳ್ಳೆಯದು. ನಮ್ಮಲ್ಲಿ ಕಡಿಮೆ ಬೆಲೆಗೆ ಸಿಗುವ ವಿಸ್ಕಿಗಳಲ್ಲಿ ಹೆಚ್ಚಿನವುಗಳ ತಳಹದಿ ಕಬ್ಬಿನ ಕಾಕಂಬಿಯಿಂದ ಭಟ್ಟಿ ಇಳಿಸಿದ ಶುದ್ಧ ಆಲ್ಕೋಹಾಲ್. ಅದಕ್ಕೆ ಒಂದಿಷ್ಟು ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿ) ಸ್ಪಿರಿಟ್, ಪರಿಮಳ ಮತ್ತು ಬಣ್ಣ ಸೇರುತ್ತವೆ. ಸ್ಕಾಚ್ ಎನಿಸಿಕೊಳ್ಳಬೇಕಾದರೆ ಧಾನ್ಯದಿಂದಲೇ ಮಾಡಿರಬೇಕು, ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಕುಳಿತಿರಬೇಕು. ಆದ್ದರಿಂದ ಕಾಕಂಬಿಯ ವಿಸ್ಕಿ ಮತ್ತು ಸ್ಕಾಚ್ ನಡುವೆ ನಿಜವಾದ ವಸ್ತುಭೇದವೇ ಇದೆ, ಆ ಜೋಡಿಯಲ್ಲಿ ಭಾವ ಗೆಲ್ಲುವ ಸಾಧ್ಯತೆಯೂ ಇದೆ. 12 ಮತ್ತು 18ರ ಜೋಡಿ ಬೇರೆ ಕಥೆ. ಲೇಬಲ್ಲಿನ ಮೇಲಿನ ಸಂಖ್ಯೆ ಆ ಮಿಶ್ರಣದಲ್ಲಿರುವ ಅತಿ ಕಿರಿಯ ವಿಸ್ಕಿಯ ವಯಸ್ಸನ್ನು ಹೇಳುತ್ತದೆ, ರುಚಿಯ ಮಟ್ಟವನ್ನಲ್ಲ. ವೋಡ್ಕಾ ಇನ್ನೂ ಕಷ್ಟ. ವಾಸನೆ, ರುಚಿ ಏನೂ ಉಳಿಯದಷ್ಟು ಶುದ್ಧ ಮಾಡುವುದೇ ಅದರ ಗುರಿ, ಉಳಿಯುವುದು ಹೆಚ್ಚಾಗಿ ಆಲ್ಕೋಹಾಲ್ ಮತ್ತು ನೀರು. ಎರಡು ವೋಡ್ಕಾಗಳ ನಡುವೆ ದುಡ್ಡು ಎಲ್ಲಿ ಹೋಯಿತೆಂದು ತಿಳಿಯಲು ಬಾಟಲಿಯ ಗಾಜನ್ನು ನೋಡಬೇಕು.

ದೇಶಿ ಎಂದ ಮಾತ್ರಕ್ಕೆ ಕಾಕಂಬಿ ಎಂದುಕೊಳ್ಳಬೇಡಿ. ಬೆಂಗಳೂರಿನ ಅಮೃತ್ ಕಂಪನಿ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು, ಅಂದರೆ ಬರೀ ಬಾರ್ಲಿ ಮಾಲ್ಟಿನ ವಿಸ್ಕಿಯನ್ನು, ಮೊದಲು ಬಿಡುಗಡೆ ಮಾಡಿದ್ದು ಸ್ಕಾಚಿನ ತವರಾದ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ, ಹುಲಿಯ ಗುಹೆಗೇ ಹೋಗಿ. ಭಾವನಿಗೆ ಅದನ್ನು ಸ್ಕಾಚಿನ ಜೊತೆ ಇಟ್ಟು ಕೊಡಬೇಕೆಂದು ನನಗೆ ಬಹಳ ಆಸೆ ಇತ್ತು. ಅವರ ರಜೆ ಮುಗಿಯಿತು.

ಕೋಣೆ, ಲೋಟ, ಅಳತೆ

ಮೊದಲ ರಾತ್ರಿ ನಾವು ಮಾಡಿದ ತಪ್ಪುಗಳ ಪಟ್ಟಿ ಇಲ್ಲಿಂದಲೇ ಶುರು. ಗಾಜಿನ ಲೋಟದಲ್ಲಿ ಸುರಿದಿದ್ದೆವು. 18 ವರ್ಷದ್ದು ಒಂದಿಷ್ಟು ಗಾಢ ಬಣ್ಣದ್ದಾಗಿತ್ತು. ಕಣ್ಣಿಗೆ ಕಟ್ಟಿದ್ದ ಬೈರಾಸು ಸಡಿಲವಾಗಿ, ಭಾವ ಕೆಳಗಿನ ಸಂದಿಯಿಂದ ಬಣ್ಣ ನೋಡಿಯೇ ಉತ್ತರ ಹೇಳುತ್ತಿದ್ದರು. ಬಣ್ಣದ ಬಲವನ್ನು ಸಣ್ಣದೆಂದು ತಿಳಿಯಬೇಡಿ. ಫ್ರಾನ್ಸಿನ ಬೋರ್ಡೋ ವಿಶ್ವವಿದ್ಯಾಲಯದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ಅವರು ಅದರ ಪರಿಮಳವನ್ನು ಕೆಂಪು ವೈನಿಗೆ ಬಳಸುವ ಪದಗಳಿಂದಲೇ ಬಣ್ಣಿಸಿದರು. 2001ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ತೋರಿಸಿ "ಪರಿಣತರಿಗೂ ಏನೂ ಗೊತ್ತಿಲ್ಲ" ಎಂದು ನಗುವವರಿದ್ದಾರೆ. ಅದು ಅತಿಯಾಯಿತು. ಕಣ್ಣು ಮೊದಲು ಮಾತಾಡಿದರೆ ಮೂಗು ತಲೆಯಾಡಿಸುತ್ತದೆ ಎನ್ನುವಷ್ಟೇ ಅದರಿಂದ ತಿಳಿಯುವುದು.

ನಮ್ಮ ಮನೆಗಳಲ್ಲಿ ಇದಕ್ಕೆ ಬಹಳ ಸುಲಭದ ಪರಿಹಾರವಿದೆ. ಸ್ಟೀಲ್ ಲೋಟ. ಮದುವೆಮನೆಯಲ್ಲಿ ಪಾಯಸಕ್ಕೆ ಇಡುವಂಥ ಸಣ್ಣ ಲೋಟಗಳು, ಎಲ್ಲವೂ ಒಂದೇ ಅಳತೆಯವು. ಪಾತ್ರೆ ತೊಳೆಯುವ ಸಾಬೂನಿನ ನಿಂಬೆ ವಾಸನೆ ಹೋಗುವ ತನಕ ಬಿಸಿನೀರಿನಲ್ಲಿ ಜಾಲಾಡಿ, ಬಟ್ಟೆಯಿಂದ ಒರೆಸದೆ ಬೋರಲು ಹಾಕಿ ಒಣಗಿಸಿ. ಸಂಜೆ ಬೆಳಕು ಕಡಿಮೆ ಮಾಡಿ ಕೂತರೆ ಲೋಟದೊಳಗೆ ಏನು ಬಣ್ಣವಿದೆಯೆಂದು ಯಾರಿಗೂ ಕಾಣುವುದಿಲ್ಲ, ಕಣ್ಣು ಕಟ್ಟುವ ನಾಟಕವೂ ಬೇಡ.

ವಾಸನೆ ಎರಡನೆಯ ಶತ್ರು. ರುಚಿ ಎಂದು ನಾವು ಕರೆಯುವುದರ ದೊಡ್ಡ ಪಾಲು ಮೂಗಿನದ್ದು. ಬಾಯೊಳಗಿನ ಆವಿ ಗಂಟಲಿನ ಹಿಂದಿನಿಂದ ಮೂಗಿಗೆ ಏರುತ್ತದೆ. ನಂಬಿಕೆಯಿಲ್ಲದಿದ್ದರೆ ಮೂಗು ಹಿಡಿದುಕೊಂಡು ಒಂದು ಗುಟುಕು ವಿಸ್ಕಿ ಕುಡಿದು ನೋಡಿ, ಉರಿ ಮತ್ತು ಸ್ವಲ್ಪ ಸಿಹಿಯ ಹೊರತು ಬೇರೇನೂ ಇರುವುದಿಲ್ಲ. ಮೂಗು ಬಿಟ್ಟ ಕ್ಷಣ ಪರಿಮಳ ನುಗ್ಗಿ ಬರುತ್ತದೆ. ಹೀಗಿರುವಾಗ ಸೊಳ್ಳೆ ಬತ್ತಿ ಹಚ್ಚಿದ ಕೋಣೆಯಲ್ಲಿ ಪರೀಕ್ಷೆ ನಡೆಸಿದರೆ ಎಲ್ಲ ವಿಸ್ಕಿಯೂ ಸೊಳ್ಳೆ ಬತ್ತಿಯೇ. ಅಗರಬತ್ತಿ, ಸೆಂಟು, ಒಳಗೆ ಹುರಿಯುತ್ತಿರುವ ಬಂಗುಡೆ ಎಲ್ಲವೂ ಅಷ್ಟೇ. ನಮ್ಮ ಮೊದಲ ರಾತ್ರಿ ಅಕ್ಕ ಮುಡಿದಿದ್ದದ್ದು ಶಂಕರಪುರ ಮಲ್ಲಿಗೆ. ಅವಳು ಲೋಟ ಇಡಲು ಬಗ್ಗಿದಾಗಲೆಲ್ಲ ಮೂರು ಲೋಟಗಳೂ ಮಲ್ಲಿಗೆಯ ಪರಿಮಳ ಸೂಸುತ್ತಿದ್ದವು. ತೆಗೆದಿಡು ಎಂದು ಹೇಳುವ ಧೈರ್ಯ ನನಗಿರಲಿಲ್ಲ, ಭಾವನಿಗಂತೂ ಇರಲೇ ಇಲ್ಲ.

ಊಟವನ್ನು ಕೊನೆಗಿಡಿ. ಕುಂದಾಪುರದ ಚಿಕನ್ ಘೀ ರೋಸ್ಟ್ ತಿಂದು ಪರೀಕ್ಷೆಗೆ ಕೂತವರು ಮೊದಲೇ ಸೋತಂತೆ. ಬಾಯಲ್ಲಿ ಮೆಣಸಿನ ಖಾರವನ್ನು ಗ್ರಹಿಸುವ ನರಗ್ರಾಹಿಗಳೇ ಆಲ್ಕೋಹಾಲಿನ ಉರಿಗೂ ಕೆರಳುತ್ತವೆ, ಒಂದರ ಮೇಲೊಂದು ಬಿದ್ದರೆ ಉಳಿಯುವುದು ಬೆಂಕಿ ಮಾತ್ರ. ಸುತ್ತುಗಳ ನಡುವೆ ಬಾಯಿ ಶುಚಿ ಮಾಡಿಕೊಳ್ಳಲು ಪಾಶ್ಚಾತ್ಯರು ಉಪ್ಪಿಲ್ಲದ ಬಿಸ್ಕತ್ತು, ಬ್ರೆಡ್ಡು ಇಡುತ್ತಾರೆ. ನಮಗೆ ನೀರುದೋಸೆ ಇದೆ. ಚಟ್ನಿಯಿಲ್ಲದ ಬರೀ ನೀರುದೋಸೆಯ ಒಂದು ತುಂಡು, ಮೇಲೆ ಒಂದು ಗುಟುಕು ನೀರು. ಇಷ್ಟು ತಟಸ್ಥವಾದ ತಿಂಡಿ ಲೋಕದಲ್ಲಿ ಬೇರೆಲ್ಲಿದೆಯೋ ನಾನು ಕಾಣೆ. ಮೊದಲ ಸಲ ಅದನ್ನು ಕೋಳಿ ಸಾರಿಲ್ಲದೆ ತಿನ್ನುವಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ, ಅಭ್ಯಾಸವಾಗುತ್ತದೆ.

ಇನ್ನು ಅಳತೆ. ಇಲ್ಲಿ ಎಲ್ಲರೂ ಎಡವುವ ಒಂದು ಕಲ್ಲಿದೆ. ನಮ್ಮ ವಿಸ್ಕಿಯಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇಕಡ 42.8 ಇರುತ್ತದೆ. ಡ್ಯೂಟಿ ಫ್ರೀ ಸ್ಕಾಚಿನಲ್ಲಿ ಹೆಚ್ಚಾಗಿ ಶೇಕಡ 40. ಹಾಗೆಯೇ ಸುರಿದರೆ ಉರಿಯ ಅಂತರದಿಂದಲೇ ಕೆಲವರು ಕಂಡುಹಿಡಿದುಬಿಡಬಹುದು, ಅದನ್ನು ರುಚಿಯ ಗೆಲುವು ಎಂದುಕೊಳ್ಳಲೂಬಹುದು. ಆದ್ದರಿಂದ ಎರಡನ್ನೂ ಶೇಕಡ 20ಕ್ಕೆ ಇಳಿಸಿ. ವಿಸ್ಕಿ ಬೆರೆಸುವ ವೃತ್ತಿಯವರೂ ಮೂಗಿನ ಕೆಲಸವನ್ನು ಹೆಚ್ಚುಕಡಿಮೆ ಇಷ್ಟೇ ಸಾಂದ್ರತೆಯಲ್ಲಿ ಮಾಡುತ್ತಾರೆ. 60 ಮಿಲಿ ಲೀಟರ್ ಸ್ಕಾಚಿಗೆ 60 ಮಿಲಿ ಲೀಟರ್ ನೀರು, 60 ಮಿಲಿ ಲೀಟರ್ ದೇಶಿ ವಿಸ್ಕಿಗೆ ಸುಮಾರು 68 ಮಿಲಿ ಲೀಟರ್ ನೀರು. ಬಾಟಲಿಯ ಮೇಲೆ ಬೇರೆ ಸಂಖ್ಯೆ ಇದ್ದರೆ ಅದಕ್ಕೆ ತಕ್ಕಂತೆ ಲೆಕ್ಕ ಹಾಕಿ. ನೀರು ಒಂದೇ ಮೂಲದ್ದಿರಲಿ, ಬಾವಿಯದ್ದಾದರೆ ಎರಡಕ್ಕೂ ಬಾವಿಯದ್ದೇ. ಸೋಡಾ ಬೇಡ, ಐಸ್ ಬೇಡ. ತಣ್ಣಗಾದಷ್ಟೂ ಪರಿಮಳ ಏಳುವುದಿಲ್ಲ, ಐಸ್ ಹಾಕಿದ ವಿಸ್ಕಿಗಳೆಲ್ಲ ಅಣ್ಣತಮ್ಮಂದಿರು.

ಪ್ರತಿ ಲೋಟಕ್ಕೆ ಒಂದು ಚಮಚ, ಅಂದರೆ 5 ಮಿಲಿ ಲೀಟರ್ ಮಾತ್ರ. ಅಳೆಯಲು ಮೆಡಿಕಲ್ ಅಂಗಡಿಯ ಸೂಜಿಯಿಲ್ಲದ ಸಿರಿಂಜ್ ಒಳ್ಳೆಯದು. ನಾವು ಬಳಸಿದ್ದು ಮಕ್ಕಳ ಕೆಮ್ಮಿನ ಸಿರಪ್ಪಿನ ಮುಚ್ಚಳ, 5ರ ಗೆರೆ ಅದರಲ್ಲಿ ಇದ್ದೇ ಇರುತ್ತದೆ. ತೊಳೆದು, ಮತ್ತೆ ತೊಳೆದು, ಮೂಸಿ ನೋಡಿ. ನಮ್ಮದರಲ್ಲಿ ರಾಸ್ಪ್‌ಬೆರಿಯ ವಾಸನೆ ಮೂರು ತೊಳೆತ ಉಳಿದಿತ್ತು.

ಸುರಿಯುವವರು ಮತ್ತು ದಾಳ

ಬಳಸುವ ವಿಧಾನಕ್ಕೆ ತ್ರಿಕೋನ ಪರೀಕ್ಷೆ ಎಂದು ಹೆಸರು. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬ್ರೂವರಿಯಲ್ಲಿ 1940ರ ದಶಕದಲ್ಲಿ ರೂಪುಗೊಂಡದ್ದು. ಮೂರು ಲೋಟ ಇಡುತ್ತಾರೆ, ಎರಡರಲ್ಲಿ ಒಂದೇ ಪಾನೀಯ, ಮೂರನೆಯದರಲ್ಲಿ ಬೇರೆ. "ಬೇರೆ ಯಾವುದು?" ಎಂಬುದಷ್ಟೇ ಪ್ರಶ್ನೆ. ಹೆಸರು ಹೇಳಬೇಕಿಲ್ಲ, ಬಣ್ಣಿಸಬೇಕಿಲ್ಲ, ಕವಿಯಾಗಬೇಕಿಲ್ಲ.

ಸುರಿಯುವವರು ಕುಡಿಯದವರಾಗಿರಲಿ, ಬೇರೆ ಕೋಣೆಯಲ್ಲಿರಲಿ. ಮೊದಲ ರಾತ್ರಿ ಅಕ್ಕ ಎದುರಿಗೇ ನಿಂತಿದ್ದಳು. ಭಾವನ ಕೈ ಸರಿಯಾದ ಲೋಟದ ಮೇಲೆ ಬಂದಾಗ ಅವಳ ಹುಬ್ಬು ಒಂದು ಕೂದಲೆಳೆ ಏರುತ್ತಿತ್ತು. 22 ವರ್ಷದ ದಾಂಪತ್ಯದಲ್ಲಿ ಆ ಹುಬ್ಬನ್ನು ಓದಲು ಅವರಿಗೆ ವಿಸ್ಕಿಯ ಸಹಾಯ ಬೇಕಿರಲಿಲ್ಲ. ಎರಡನೆಯ ಸಲ ಅವಳು ಅಡುಗೆಮನೆಯಲ್ಲಿ ಸುರಿದು, ತಟ್ಟೆಯನ್ನು ಚಾವಡಿಯ ಮೇಜಿನ ಮೇಲಿಟ್ಟು ಒಳಗೆ ಹೋದ ಮೇಲೆಯೇ ನಾವು ತಾರಸಿಯಿಂದ ಇಳಿದು ಬರುತ್ತಿದ್ದೆವು. ಉತ್ತರವನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುತ್ತಿದ್ದೆವು. ಆರು ಸುತ್ತು ಮುಗಿಯುವ ತನಕ ಸರಿ ತಪ್ಪು ಯಾರೂ ಹೇಳಬಾರದು.

ಲೋಟಗಳ ಕ್ರಮವನ್ನು ಮನಸ್ಸಿಗೆ ಬಂದಂತೆ ಬದಲಾಯಿಸಿದರೆ ಆಗುವುದಿಲ್ಲ. ಮನುಷ್ಯರಿಗೆ ಅಡ್ಡಾದಿಡ್ಡಿಯಾಗಿ ಯೋಚಿಸಲು ಬರುವುದಿಲ್ಲ. ಒಮ್ಮೆ ನಡುವೆ ಇಟ್ಟಿದ್ದನ್ನು ಮರುಸಲ ಖಂಡಿತ ನಡುವೆ ಇಡುವುದಿಲ್ಲ, ಎದುರಿನವರು ಅದನ್ನು ಊಹಿಸಿಬಿಡುತ್ತಾರೆ. ಹಾವು ಏಣಿ ಆಟದ ದಾಳ ತೆಗೆದುಕೊಳ್ಳಿ. ಒಂದು ಪಾನೀಯ ಅ, ಇನ್ನೊಂದು ಬ. ಎಡದಿಂದ ಬಲಕ್ಕೆ:

1 ಬಿದ್ದರೆ ಅ ಅ ಬ
2 ಬಿದ್ದರೆ ಅ ಬ ಅ
3 ಬಿದ್ದರೆ ಬ ಅ ಅ
4 ಬಿದ್ದರೆ ಬ ಬ ಅ
5 ಬಿದ್ದರೆ ಬ ಅ ಬ
6 ಬಿದ್ದರೆ ಅ ಬ ಬ

ಪ್ರತಿ ಸುತ್ತಿಗೂ ಹೊಸದಾಗಿ ದಾಳ ಹಾಕಿ. ಒಂದೇ ಸಂಖ್ಯೆ ಮೂರು ಸಲ ಬಂದರೂ ಬರಲಿ, ತಿದ್ದಬೇಡಿ. ಸುತ್ತಿನ ಸಂಖ್ಯೆ, ದಾಳದ ಸಂಖ್ಯೆ ಬರೆದಿಡಿ. ಅಕ್ಕ ಬರೆದದ್ದು ಗೋಡೆಯ ಕ್ಯಾಲೆಂಡರಿನ ಏಪ್ರಿಲ್ ಹಾಳೆಯ ಹಿಂಬದಿಯಲ್ಲಿ, ಅದು ಈಗಲೂ ನನ್ನ ಬಳಿ ಇದೆ.

ಕುಡಿಯುವವರ ಕೆಲಸ

ಎಡದಿಂದ ಆರಂಭಿಸಿ. ಮೊದಲು ಮೂರನ್ನೂ ಮೂಸಿ ನೋಡಿ, ಆಳವಾಗಿ ಎಳೆಯದೆ, ನಾಯಿ ಮೂಸುವಂತೆ ಚಿಕ್ಕ ಚಿಕ್ಕ ಉಸಿರು. ಆಮೇಲೆ ಗುಟುಕು. ನಾಲಗೆಯ ಮೇಲೆ ಐದಾರು ಸೆಕೆಂಡು ಹೊರಳಿಸಿ, ನುಂಗಿ ಅಥವಾ ಉಗುಳಿ, ಮೂಗಿನಿಂದ ಉಸಿರು ಬಿಡಿ. ನೀರುದೋಸೆ, ನೀರು, ಒಂದು ನಿಮಿಷ ಬಿಡುವು. ಎರಡನೆಯದು. ಮಾತು ಬೇಡ. ಒಬ್ಬರು "ಇದರಲ್ಲಿ ಹೊಗೆ ಇದೆ" ಎಂದರೆ ಸಾಕು, ಉಳಿದವರ ಲೋಟದಿಂದಲೂ ಹೊಗೆ ಏಳುತ್ತದೆ.

ಗೊತ್ತಾಗದಿದ್ದರೂ ಉತ್ತರ ಬರೆಯಲೇಬೇಕು. "ಗೊತ್ತಾಗಲಿಲ್ಲ" ಎಂಬ ಚೀಟಿಗೆ ಜಾಗವಿಲ್ಲ. ಊಹೆಯ ಪಾಲನ್ನು ಲೆಕ್ಕ ತಾನೇ ನೋಡಿಕೊಳ್ಳುತ್ತದೆ.

ಆರು ಸುತ್ತಿಗೆ ಒಬ್ಬರಿಗೆ 18 ಲೋಟ, 90 ಮಿಲಿ ಲೀಟರ್. ಶೇಕಡ 20ರ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಒಂದೂವರೆ ಸಣ್ಣ ಪೆಗ್ (ಒಂದು ಸಣ್ಣ ಪೆಗ್ ಎಂದರೆ 30 ಮಿಲಿ ಲೀಟರ್). ನೀರು ಬೆರೆಸದೆ, ಲೋಟಕ್ಕೆ 10 ಮಿಲಿ ಲೀಟರ್ ಸುರಿದಿದ್ದರೆ ಆರು ಪೆಗ್ ಆಗುತ್ತಿತ್ತು. ಆ ಸ್ಥಿತಿಯಲ್ಲಿ ಕೊಡುವ ತೀರ್ಪಿಗೆ ಬೆಲೆಯಿಲ್ಲ. ಉಗುಳಲು ಒಂದು ಚೊಂಬು ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಭಾವ ಮಾತ್ರ, 18 ವರ್ಷದ ಸ್ಕಾಚನ್ನು ಚೊಂಬಿಗೆ ಉಗುಳಲು ಸಾಧ್ಯವಿಲ್ಲವೆಂದು ಖಡಾಖಂಡಿತವಾಗಿ ಹೇಳಿದರು.

ಲೆಕ್ಕ

ಏನೂ ಗೊತ್ತಾಗದೆ ಕಣ್ಣುಮುಚ್ಚಿ ಬರೆದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಅಂದರೆ ಆರರಲ್ಲಿ ಎರಡು. ಹಾಗಾಗಿ ಎರಡು ಸರಿ ಎಂದರೆ ಸೊನ್ನೆ ಎಂದೇ ಓದಿಕೊಳ್ಳಿ. ಬರೀ ಅದೃಷ್ಟದಿಂದ ನಾಲ್ಕು ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ ಶೇಕಡ 10. ಐದು ಅಥವಾ ಆರು ಸರಿಯಾಗುವುದು ಶೇಕಡ 2ಕ್ಕಿಂತಲೂ ಕಡಿಮೆ. ಆದ್ದರಿಂದ ಐದು ಬಂದರೆ ಒಪ್ಪಿಕೊಳ್ಳಿ, ನಾಲ್ಕು ಬಂದರೆ ಇನ್ನೊಂದು ಸಂಜೆ ಮತ್ತೆ ಕೂಡಿಸಿ.

ನಾಲ್ಕಕ್ಕೆ ಏಕೆ ಮರುಪರೀಕ್ಷೆ? ಆರು ಮಂದಿ ಸ್ನೇಹಿತರು ಕೂತಿದ್ದಾರೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ ಎಂದಿಟ್ಟುಕೊಳ್ಳಿ. ಅವರಲ್ಲಿ ಕನಿಷ್ಠ ಒಬ್ಬರಿಗೆ ನಾಲ್ಕು ಸರಿ ಬೀಳುವ ಸಾಧ್ಯತೆ ಶೇಕಡ 47. ಹೆಚ್ಚುಕಡಿಮೆ ಎರಡು ಕೂಟಕ್ಕೆ ಒಂದರಲ್ಲಿ ಒಬ್ಬ "ಪರಿಣತ" ಹುಟ್ಟುತ್ತಾನೆ, ಮುಂದಿನ ಹತ್ತು ವರ್ಷ ಎಲ್ಲ ಮದುವೆಗಳಲ್ಲೂ ಆ ಕಥೆ ಹೇಳುತ್ತಾನೆ. ವೃತ್ತಿಯ ತೀರ್ಪುಗಾರರೂ ಇದರಿಂದ ಹೊರತಲ್ಲ. ಕ್ಯಾಲಿಫೋರ್ನಿಯಾ ರಾಜ್ಯ ಮೇಳದ ವೈನ್ ಸ್ಪರ್ಧೆಯಲ್ಲಿ ಒಂದೇ ಬಾಟಲಿಯ ವೈನನ್ನು ತೀರ್ಪುಗಾರರಿಗೆ ತಿಳಿಸದೆ ಮೂರು ಸಲ ಕೊಟ್ಟು ನೋಡಿದಾಗ, ಮೂರಕ್ಕೂ ಹೆಚ್ಚುಕಡಿಮೆ ಒಂದೇ ಅಂಕ ಕೊಡಲು ಸಾಧ್ಯವಾದದ್ದು ಹತ್ತರಲ್ಲಿ ಒಬ್ಬರಿಗೆ. ಆ ವರದಿ 2008ರಲ್ಲಿ ಪ್ರಕಟವಾಯಿತು.

ಈಗ ಕ್ಯಾಲೆಂಡರಿನ ಹಿಂಬದಿಗೆ ಬರುತ್ತೇನೆ. ದೇಶಿ ವಿಸ್ಕಿ ಮತ್ತು 12 ವರ್ಷದ ಸ್ಕಾಚಿನ ಜೋಡಿಯಲ್ಲಿ ಭಾವನಿಗೆ ಆರರಲ್ಲಿ ಐದು. ನಾನು ಎದ್ದು ಕೈಕುಲುಕಿದೆ, ಒಪ್ಪಬೇಕಾದ್ದನ್ನು ಒಪ್ಪಬೇಕು. ನನಗೆ ಮೂರು. ಅಕ್ಕ ಆ ಮೂರರ ಸುತ್ತ ಪೆನ್ಸಿಲಿನಿಂದ ಎರಡು ಸಲ ವೃತ್ತ ಎಳೆದಳು. ಮೂರು ದಿನ ಬಿಟ್ಟು 12 ಮತ್ತು 18ರ ಜೋಡಿ. ಭಾವನಿಗೆ ಎರಡು. ಚೀಟಿಗಳನ್ನು ಅವರೇ ಮತ್ತೊಮ್ಮೆ ಎಣಿಸಿದರು, ಆಮೇಲೆ ದಾಳವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

ಯಾವುದು ಹಿಡಿಸಿತು?

ವ್ಯತ್ಯಾಸ ಗೊತ್ತಾದ ಜೋಡಿಗೆ ಮಾತ್ರ ಈ ಹಂತ. ಅದೇ ಸ್ಟೀಲ್ ಲೋಟ, ಈಗ ಎರಡೇ. ಎಡ ಬಲವನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿ. ಯಾವುದು ಹೆಚ್ಚು ಇಷ್ಟವಾಯಿತು ಎಂದು ಬರೆಸಿ, ನಾಲ್ಕೈದು ಸಲ. ಪ್ರತಿ ಸಲವೂ ಒಂದನ್ನೇ ಆರಿಸಿದರೆ ಅದು ನಿಮ್ಮ ರುಚಿ, ಅಗ್ಗದ್ದಾದರೂ ಸರಿ. ನಾಚಿಕೆ ಪಡಬೇಕಾದ್ದಿಲ್ಲ. 1976ರ ಮೇ 24ರಂದು ಪ್ಯಾರಿಸಿನಲ್ಲಿ ಫ್ರೆಂಚ್ ತೀರ್ಪುಗಾರರೇ ಲೇಬಲ್ ನೋಡದೆ ರುಚಿ ನೋಡಿ, ಕೆಂಪು, ಬಿಳಿ ಎರಡರಲ್ಲೂ ಕ್ಯಾಲಿಫೋರ್ನಿಯಾದ ವೈನಿಗೆ ಮೊದಲ ಸ್ಥಾನ ಕೊಟ್ಟಿದ್ದರು. ಬೋರ್ಡೋದ ದೊಡ್ಡ ಮನೆತನಗಳು ಹಿಂದೆ ಉಳಿದವು. ಕಿರೀಟ, ಗೆಜ್ಜೆ ಬಿಚ್ಚಿಟ್ಟು ಯಕ್ಷಗಾನದ ಚೌಕಿಯಲ್ಲಿ (ಬಣ್ಣ ಹಚ್ಚುವ ಕೋಣೆಯಲ್ಲಿ) ಕೂತ ವೇಷಧಾರಿಗಳಲ್ಲಿ ಯಾರು ರಾಜ, ಯಾರು ದೂತ ಎಂದು ನೋಡಿದೊಡನೆ ಹೇಳಲಾಗುವುದಿಲ್ಲವಲ್ಲ, ಹಾಗೆ.

ಎಲ್ಲ ಮುಗಿದ ಮೇಲೆ ಒಂದು ಕಿಡಿಗೇಡಿತನವನ್ನೂ ಮಾಡಬಹುದು. ಒಂದೇ ವಿಸ್ಕಿಯನ್ನು ಎರಡು ಲೋಟಕ್ಕೆ ಸುರಿದು, ಇದು ದುಬಾರಿಯದ್ದು, ಇದು ಅಗ್ಗದ್ದು ಎಂದು ಹೇಳಿ ಕೊಡಿ. ಯಾವುದು ಚೆನ್ನಾಗಿದೆ ಎಂದು ಉತ್ತರ ಬರುತ್ತದೆಂದು ನಿಮಗೆ ಗೊತ್ತು. ಅವರು ಸುಳ್ಳು ಹೇಳುತ್ತಿಲ್ಲ ಎಂಬುದು ಮಾತ್ರ ನೆನಪಿರಲಿ. 2008ರ ಒಂದು ಅಮೆರಿಕನ್ ಪ್ರಯೋಗದಲ್ಲಿ 5 ಡಾಲರಿನ ವೈನನ್ನು 45 ಡಾಲರಿನದ್ದೆಂದು ಹೇಳಿ ಕೊಟ್ಟಾಗ, ಕುಡಿದವರ ಮೆದುಳಿನಲ್ಲಿ ಸುಖವನ್ನು ದಾಖಲಿಸುವ ಭಾಗವೇ ಹೆಚ್ಚು ಚುರುಕಾದದ್ದು ಸ್ಕ್ಯಾನಿನಲ್ಲಿ ಕಂಡಿತು. ಬೆಲೆ ಕಿವಿಗೆ ಬಿದ್ದರೆ ಖುಷಿ ನಿಜವಾಗಿಯೂ ಹೆಚ್ಚುತ್ತದೆ. ಹಾಗಾಗಿ ಮಗಳ ಮದುವೆಗೆ ಬಂದವರಿಗೆ ಒಳ್ಳೆಯ ಬಾಟಲಿಯನ್ನು ಲೇಬಲ್ ಕಾಣುವಂತೆ ಇಡುವುದು ದಡ್ಡತನವೇನಲ್ಲ. ಒಬ್ಬರೇ ಕೂತು ಕುಡಿಯುವಾಗ ಲೇಬಲ್ಲಿಗೆ ದುಡ್ಡು ಸುರಿಯಬೇಕೇ ಎಂಬುದನ್ನು ನೀವೇ ಯೋಚಿಸಿ.

ಬಿಯರಿನಲ್ಲಿ ಬ್ರಾಂಡಿಗಿಂತ ಬಿಸಿಲು ಮುಖ್ಯ

ಬಿಯರ್ ಪರೀಕ್ಷೆಯಲ್ಲಿ ನನ್ನ ಮಾನ ಹೋಯಿತು. ಹೊರದೇಶದ ದುಬಾರಿ ಲಾಗರ್ ಬಿಯರ್ ಮತ್ತು ನಾನು ಹದಿನೈದು ವರ್ಷದಿಂದ ಕುಡಿಯುವ ನಮ್ಮದೇ ಲಾಗರ್ ನಡುವೆ ಆರರಲ್ಲಿ ಎರಡು. 1964ರಲ್ಲೇ ಅಮೆರಿಕದಲ್ಲಿ ಲೇಬಲ್ ತೆಗೆದ ಬಾಟಲಿ ಕೊಟ್ಟಾಗ, ಬಿಯರ್ ಪ್ರಿಯರು ತಮ್ಮ ಮೆಚ್ಚಿನ ಬ್ರಾಂಡನ್ನು ಗುರುತಿಸಲಾರದೆ ಹೋದರು. ಲೇಬಲ್ ಅಂಟಿಸಿ ಕೊಟ್ಟಾಗ ಅದಕ್ಕೇ ಹೆಚ್ಚು ಅಂಕ ಕೊಟ್ಟರು. ನಾನು ಆ ವಂಶದವನು.

ಆದರೆ ಬಿಯರಿನಲ್ಲಿ ಯಾರಿಗೂ ತಿಳಿಯುವ ಒಂದು ವ್ಯತ್ಯಾಸವಿದೆ. ಒಂದೇ ಬ್ರಾಂಡಿನ ಎರಡು ಬಾಟಲಿ ತನ್ನಿ, ಹಸಿರು ಗಾಜಿನದ್ದಾದರೆ ಉತ್ತಮ. ಒಂದನ್ನು ಫ್ರಿಜ್ಜಿನಲ್ಲಿಡಿ. ಇನ್ನೊಂದನ್ನು ಮಂಗಳೂರಿನ ಏಪ್ರಿಲ್ ಬಿಸಿಲಿಗೆ ಎರಡು ಮೂರು ಗಂಟೆ ಇಟ್ಟು, ಆಮೇಲೆ ಅದನ್ನೂ ಫ್ರಿಜ್ಜಿಗೆ ಸೇರಿಸಿ. ಎರಡೂ ಸಮಾನವಾಗಿ ತಣ್ಣಗಾದ ಮೇಲೆ ಸುರಿಯಿರಿ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಸತ್ವಕ್ಕೆ ಬೆಳಕು ತಾಗಿದರೆ ಅದರಿಂದ ಗಂಧಕದ ಒಂದು ಸಂಯುಕ್ತ ಹುಟ್ಟುತ್ತದೆ, ಅದರ ದುರ್ನಾತ ಅತ್ಯಲ್ಪ ಪ್ರಮಾಣದಲ್ಲೂ ಮೂಗಿಗೆ ಬಡಿಯುತ್ತದೆ. ಕಂದು ಗಾಜು ಆ ಬೆಳಕನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಮತ್ತು ಬಿಳಿ ಗಾಜು ತಡೆಯುವುದಿಲ್ಲ. ಸೆಕೆಯಲ್ಲಿ ತಿಂಗಳುಗಟ್ಟಲೆ ಕುಳಿತ ಬಿಯರಿಗೆ ಒದ್ದೆ ರಟ್ಟಿನ ರುಚಿ ಬರುವುದೂ ಉಂಟು. ಆದ್ದರಿಂದ ಅಂಗಡಿಯಲ್ಲಿ ಬ್ರಾಂಡ್ ಆರಿಸುವ ಮೊದಲು ತಯಾರಿಕೆಯ ತಿಂಗಳನ್ನು ಓದಿ, ಕಿಟಕಿಯ ಪಕ್ಕದ ಬಾಟಲಿಯನ್ನು ಬಿಟ್ಟು ಒಳಗಿನದ್ದನ್ನು ಕೇಳಿ.

ಕೊನೆಗೆ ಶೇಂದಿ

ನಾಲಗೆಯ ಮೇಲೆ ಪೂರ್ತಿ ವಿಶ್ವಾಸ ಕಳೆದುಕೊಂಡವರಿಗೆ ನಮ್ಮ ಕರಾವಳಿಯಲ್ಲಿ ಮದ್ದಿದೆ. ಪರವಾನಗಿ ಇರುವ ಮೂರ್ತೆದಾರರಿಂದ (ಶೇಂದಿ ಇಳಿಸುವವರಿಂದ) ಬೆಳಿಗ್ಗೆ ಇಳಿಸಿದ ತೆಂಗಿನ ಶೇಂದಿಯನ್ನು ತನ್ನಿ, ನೀರು, ಸಕ್ಕರೆ ಏನೂ ಬೆರೆಸದ್ದು. ಹೊಂಬಾಳೆಯಿಂದ ತೊಟ್ಟಿಕ್ಕುವ ರಸ ಮಡಕೆಗೆ ಬೀಳುತ್ತಿದ್ದಂತೆಯೇ ಗಾಳಿಯ ಮತ್ತು ಮಡಕೆಯ ಯೀಸ್ಟ್ ಕೆಲಸ ಶುರು ಮಾಡಿರುತ್ತದೆ. ಬಾಟಲಿಯನ್ನು ಎರಡು ಮಾಡಿ, ಅರ್ಧ ಫ್ರಿಜ್ಜಿಗೆ, ಅರ್ಧ ಅಡುಗೆಮನೆಯ ಕಟ್ಟೆಯ ಮೇಲೆ. ಮುಚ್ಚಳವನ್ನು ಬಿಗಿ ಮಾಡಬೇಡಿ. ಒಳಗೆ ಅನಿಲ ತುಂಬಿ ಬಾಟಲಿ ಸಿಡಿದರೆ ಗೋಡೆ ಒರೆಸುವ ಕೆಲಸ ನಿಮ್ಮದೇ.

ಸಂಜೆ ಎರಡನ್ನೂ ಸ್ಟೀಲ್ ಲೋಟಕ್ಕೆ ಸುರಿಯಿರಿ. ಫ್ರಿಜ್ಜಿನದ್ದನ್ನು ಸ್ವಲ್ಪ ಹೊತ್ತು ಹೊರಗಿಟ್ಟು ತಾಪ ಸಮಮಾಡಿಕೊಳ್ಳಿ, ಇಲ್ಲವಾದರೆ ತುಟಿಗೆ ತಾಗಿದ ತಂಪೇ ಉತ್ತರ ಹೇಳಿಬಿಡುತ್ತದೆ. ಒಂದರಲ್ಲಿ ಇನ್ನೂ ಎಳನೀರಿನ ನೆನಪಿನ ಸಿಹಿ ಉಳಿದಿರುತ್ತದೆ. ಇನ್ನೊಂದರಲ್ಲಿ ಸಿಹಿ ಕರಗಿ ಕಡುಪು ಏರಿ ಹುಳಿ ಅಂಚು ಕಟ್ಟಿರುತ್ತದೆ. ದಾಳ ಹಾಕಿ ತ್ರಿಕೋನ ಪರೀಕ್ಷೆ ಮಾಡಿದರೆ ನನಗೆ ಆರಕ್ಕೆ ಆರು ಸಿಕ್ಕಿತು, ಭಾವನಿಗೂ ಆರು. ಇಲ್ಲಿ ಬ್ರಾಂಡ್ ಇಲ್ಲ, ವಯಸ್ಸಿನ ಸಂಖ್ಯೆ ಇಲ್ಲ, ವಯಸ್ಸಾದಷ್ಟೂ ಬೆಲೆ ಇಳಿಯುತ್ತದೆ. "ಇದಕ್ಕೆ ಪರೀಕ್ಷೆ ಯಾಕೆ ಮಾರಾಯ, ಯಾರಿಗೂ ಗೊತ್ತಾಗುತ್ತದೆ" ಎಂದು ಭಾವ ಲೋಟ ಕೆಳಗಿಟ್ಟರು.

ಹುಳಿಯಾದದ್ದನ್ನು ಚೆಲ್ಲಬೇಡಿ. ನೆನೆಸಿದ ಅಕ್ಕಿಯನ್ನು ರುಬ್ಬಿ, ಹಿಟ್ಟಿಗೆ ಅದನ್ನು ಬೆರೆಸಿ ಉಬ್ಬಲು ಬಿಟ್ಟು ಹಬೆಯಲ್ಲಿ ಬೇಯಿಸಿದರೆ ಸನ್ನ ಆಗುತ್ತದೆ. ನಮ್ಮ ಪಕ್ಕದ ಮನೆಯ ಕೊಂಕಣಿ ಬಾಯಮ್ಮ ಸೂರ್ (ಕೊಂಕಣಿಯಲ್ಲಿ ಶೇಂದಿ) ಇಲ್ಲದೆ ಸನ್ನ ಮಾಡಿದ್ದೇ ಇಲ್ಲ. ಯೀಸ್ಟ್ ಪುಡಿ ಹಾಕಿದ್ದನ್ನು ಕಣ್ಣುಮುಚ್ಚಿ ಕೊಟ್ಟರೂ ಹೇಳುತ್ತೇನೆ ಎನ್ನುತ್ತಾರೆ. ಅಕ್ಕ ದಾಳವನ್ನು ಒಳಗೆ ಎತ್ತಿಡದೆ ಕಿಟಕಿಯ ಮೇಲೆಯೇ ಬಿಟ್ಟಿದ್ದಾಳೆ.